ಬ್ಯಾಕ್ ಆಡುವ ಹುಡುಗರ ಬೆನ್ನು

೧೯೭೮ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ನನಗೆ ಶಾಲೆ ಸಾಕಾಗಿತ್ತು, ಶಾಲೆಗೂ ನಾನು ಸಾಕಾಗಿದ್ದೆ. ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇನೂ ನಡೆಯಲಿಲ್ಲ. "ನಾಳಿಂದ ಏನ್ ಮಾಡ್ತಿ?" ಎಂದು ಅಪ್ಪ ಕೇಳಿದರು. "ಕೆಲಸ" ಎಂದೆ. ಅವರು ತಲೆಯಾಡಿಸಿ ಊಟಕ್ಕೆ ಕುಳಿತರು. ಸೈಕಲ್ ಅಂಗಡಿ, ಲಾರಿ ಕ್ಲೀನರ್ ಕೆಲಸ, ಗ್ಯಾರೇಜು ಎಲ್ಲವನ್ನೂ ಮುಗಿಸಿ, ಹಾಕಿ ಆಟದ ಮೈದಾನಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ಅರವತ್ತು ತುಂಬುವ ತನಕ ಅಲ್ಲಿಯೇ ಇದ್ದೆ. ಎಂಟನೇ ತರಗತಿ ದಾಟದ ನನ್ನನ್ನು ಅಲ್ಲಿ ಎಲ್ಲರೂ "ಮಾಸ್ತರ" ಎಂದು ಕರೆದರು. ನಾನು ಒಂದು ದಿನವೂ ಅವರನ್ನು ತಿದ್ದಲಿಲ್ಲ.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ನಮ್ಮ ತರಬೇತಿ ಕೇಂದ್ರ. ಸುತ್ತಲಿನ ಊರುಗಳಿಂದ ಹನ್ನೆರಡು ಹದಿಮೂರು ವಯಸ್ಸಿನ ಹುಡುಗರನ್ನು ಆರಿಸಿ, ಅಲ್ಲಿಯೇ ಇಟ್ಟುಕೊಂಡು ಆಡಿಸಿ, ದೊಡ್ಡವರಾಗುವ ಹೊತ್ತಿಗೆ ರಾಜ್ಯದ ಶಿಬಿರಕ್ಕೋ ಯಾವುದಾದರೂ ಇಲಾಖೆಯ ತಂಡಕ್ಕೋ ಕಳಿಸುವುದು ಅಲ್ಲಿನ ಕೆಲಸ. ನನ್ನ ಪಾಲಿಗೆ ಬಂದವರು ಬ್ಯಾಕ್‌ಗಳು. ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವರು. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನಿಗೆ ಮೊಣಕಾಲು ಊದುತ್ತದೆ.

ಈಗ ಸರ್ಟಿಫಿಕೇಟ್ ಹಿಡಿದು ಈ ಕೆಲಸಕ್ಕೆ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿದ್ದರಲ್ಲಿ ಅರ್ಧವನ್ನು ನೀವು ಮಾಡದೆ ಬಿಟ್ಟರೆ ಒಳ್ಳೆಯ ಕೋಚ್ ಆಗುತ್ತೀರಿ. ಯಾವ ಅರ್ಧ ಎಂಬುದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು, ಕಂಪ್ಲಿಯ ಗಾದಿಲಿಂಗ ಎಂಬ ಹುಡುಗನ ಸೊಂಟವೂ ಬೇಕಾಯಿತು. ಅವನ ವಿಷಯಕ್ಕೆ ಬರುವ ಮೊದಲು ನಾನು ಎಂಥ ಮಾಸ್ತರ ಎಂಬುದನ್ನು ಹೇಳಿಬಿಡುತ್ತೇನೆ.

ಮೊದಲು ನನ್ನನ್ನು ತೆಗೆದುಕೊಂಡಿದ್ದು ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲಿಕ್ಕೆ. ಗೋಲಿನ ಮುಂದೆ ಹದಿನಾರು ಗಜದ ಅರ್ಧವೃತ್ತ ಬರಬೇಕು, ಅದಕ್ಕೆ "ಡಿ" ಎನ್ನುತ್ತಾರೆ. ಗೋಲ್ ಕಂಬಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ತಿರುಗುತ್ತಾ ಸುಣ್ಣ ಸುರಿಯಬೇಕು. ನಾನು ಹಗ್ಗವನ್ನು ಸರಿಯಾಗಿಯೇ ಅಳೆದಿದ್ದೆ. ಆದರೆ ಅದು ಸೆಣಬಿನ ಹಗ್ಗ. ದಿನವೂ ಸುಣ್ಣದ ನೀರಿನಲ್ಲಿ ನೆನೆದು ನೆನೆದು ಅದು ಕುಗ್ಗುತ್ತಾ ಹೋಯಿತು, ನಮ್ಮ ಡಿಯೂ ಅದರ ಜೊತೆ ಕುಗ್ಗಿತು. ಇರಬೇಕಾದ್ದಕ್ಕಿಂತ ಒಂದು ಹೆಜ್ಜೆ ಚಿಕ್ಕದಾದ ಡಿಯಲ್ಲಿ ನಮ್ಮ ಬ್ಯಾಕ್‌ಗಳು ಮೂರು ತಿಂಗಳು ಅಭ್ಯಾಸ ಮಾಡಿ ಬೇರೆ ಊರಿಗೆ ಆಡಲು ಹೋದರು. ಡಿಯ ಹೊರಗಿದ್ದೇವೆ ಎಂದುಕೊಂಡು ಒಳಗೇ ಎದುರಾಳಿಯ ಕಾಲಿಗೆ ಸ್ಟಿಕ್ ಕೊಟ್ಟು, ಒಂದರ ಮೇಲೊಂದು ಪೆನಾಲ್ಟಿ ಕಾರ್ನರ್ ಕೊಟ್ಟು, ಏಳು ಗೋಲು ತಿಂದು ಬಂದರು.

ಆಗಿನ ದೊಡ್ಡ ಕೋಚ್ ಸೈನ್ಯದಿಂದ ಬಂದವರು, ಅವರನ್ನು ನಾವೆಲ್ಲ ಸುಬೇದಾರರು ಎನ್ನುತ್ತಿದ್ದೆವು. ಅವರು ತಾವೇ ಟೇಪು ಹಿಡಿದು ಡಿ ಅಳೆದರು. ಅಳೆದು ನನ್ನನ್ನು ಕರೆದರು.

"ಏನಪಾ, ನೀ ನಮ್ಮ ಕಡೀ ಅದಿಯೋ, ಅವ್ರ ಕಡೀ ಅದಿಯೋ?"

"ಹಗ್ಗ ಕುಗ್ಗೈತ್ರಿ ಸಾಹೇಬ್ರ."

"ಹಗ್ಗ ಕುಗ್ಗ್ಯಾದ, ಖರೆ. ನಿನ್ನ ಕಣ್ಣೂ ಕುಗ್ಗ್ಯಾವೇನು?"

ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಗೆರೆ ಎಳೆಯುವಾಗಲೆಲ್ಲ ಚೆಂಡು ಬಂದು ನನ್ನ ಕಾಲಿಗೆ, ಸೊಂಟಕ್ಕೆ, ಒಮ್ಮೆ ಕಿವಿಗೂ ಬಡಿಯುತ್ತಿತ್ತು. ನಾನು ಜಾಗ ಬಿಡುತ್ತಿರಲಿಲ್ಲ. ಇದನ್ನು ಧೈರ್ಯ ಎಂದು ಅವರು ತಪ್ಪಾಗಿ ತಿಳಿದರು. ನಿಜವಾಗಿ ನನಗೆ ಬೇಗ ಸರಿಯಲು ಬರುತ್ತಿರಲಿಲ್ಲ. "ಬ್ಯಾಕ್ ಹುಡುಗರಿಗೆ ನಿನ್ನಂಥಾವನ ಬೇಕು" ಎಂದು ಕೈಗೆ ಸ್ಟಿಕ್ ಕೊಟ್ಟರು. ಆಮೇಲೆ ಬಂದ ಬಡ್ತಿ, ಹುದ್ದೆಗಳ ಹೆಸರು ನಿಮಗೆ ಬೇಕಾಗಿಲ್ಲ. ನಾನು ಸರಿಯದೆ ನಿಂತಿದ್ದಕ್ಕೆ ಬಂದವು, ಅಷ್ಟೇ.

ಹುಡುಗರನ್ನು ಆರಿಸುವುದರಲ್ಲಿ ನನಗೆ ನನ್ನದೇ ಶಾಸ್ತ್ರವಿತ್ತು. ಬ್ಯಾಕ್ ಆಡುವವನಿಗೆ ತೊಡೆ ಬೇಕು, ಎತ್ತರ ಬೇಕು. ಹದಿಮೂರರ ಹುಡುಗನಲ್ಲಿ ಅದು ಕಾಣುವುದಿಲ್ಲ, ಅದಕ್ಕೆ ಅವನ ಅಪ್ಪನನ್ನು ನೋಡಬೇಕು. "ನಾಳೆ ಅಪ್ಪನ್ನ ಕರ್ಕೊಂಡು ಬಾ" ಎನ್ನುತ್ತಿದ್ದೆ. ಅಪ್ಪಂದಿರು ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದರು, ನಾನು ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಅವರ ಸುತ್ತ ಒಂದು ಸುತ್ತು ಹಾಕುತ್ತಿದ್ದೆ. ಮರಿಯಮ್ಮನಹಳ್ಳಿಯಿಂದ ಬಂದ ಒಬ್ಬ ಚುರುಕು ಹುಡುಗನ ಜೊತೆ ಐದಡಿಯ ಮನುಷ್ಯರೊಬ್ಬರು ಬಂದರು. ನೋಡಿದವನೇ ಹುಡುಗನನ್ನು ವಾಪಸು ಕಳಿಸಿದೆ. ಐದು ವರ್ಷದ ಮೇಲೆ ಅದೇ ಹುಡುಗ ಆರಡಿ ಬೆಳೆದು, ಬೇರೆ ತಂಡದ ಪರವಾಗಿ ನಮ್ಮ ಮೇಲೆ ಆಡಿ, ನಮ್ಮ ಫಾರ್ವರ್ಡ್‌ಗಳಲ್ಲಿ ಒಬ್ಬನನ್ನೂ ಒಳಗೆ ಬಿಡಲಿಲ್ಲ. ಆಟ ಮುಗಿದ ಮೇಲೆ ಬಂದು ಕೈ ಮುಗಿದ.

"ಅವತ್ತು ಬಂದಿದ್ದು ನಮ್ಮ ಸ್ವಾದರಮಾವ್ರಿ ಮಾಸ್ತರ. ಅಪ್ಪ ಲಾರಿ ಮ್ಯಾಲೆ ಹೋಗಿದ್ದ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ಕಸರತ್ತಿನಲ್ಲೂ ನನಗೆ ಇಷ್ಟೇ ಆತ್ಮವಿಶ್ವಾಸ. ಭಾನುವಾರ ಹಂಪಿಗೆ ಕರೆದುಕೊಂಡು ಹೋಗಿ ಮಾತಂಗ ಬೆಟ್ಟದ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದೆ, ಇಳಿಯುವಾಗಲೂ ಓಟವೇ. ನಾನು ಕೆಳಗೆ ಬಂಡೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಸೀಟಿ, ಇನ್ನೊಂದು ಕೈಯಲ್ಲಿ ಒಗ್ಗರಣಿ ಮಂಡಕ್ಕಿ-ಮಿರ್ಚಿಯ ಪೊಟ್ಟಣ ಹಿಡಿದು ಶಿಸ್ತು ಕಲಿಸುತ್ತಿದ್ದೆ. ಯಾರಾದರೂ ಮೊಣಕಾಲು ಹಿಡಿದುಕೊಂಡು ಕುಳಿತರೆ "ಸೋಮಾರಿ" ಎಂದು ಬೈದು ಇನ್ನೊಂದು ಸುತ್ತು ಓಡಿಸುತ್ತಿದ್ದೆ. ಸುಧಾರಿಸದವರನ್ನು ಮನೆಗೆ ಕಳಿಸಿದ್ದೂ ಉಂಟು.

ಇದಲ್ಲದೆ ಚೀಲವಿತ್ತು. ಒಮ್ಮೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲರು ಚೀಲ ಹೊರುವುದನ್ನು ನೋಡಿ, ಅವರ ಕುತ್ತಿಗೆ, ಬೆನ್ನು, ತೊಡೆ ನೋಡಿ, ಇದಕ್ಕಿಂತ ಒಳ್ಳೆಯ ಜಿಮ್ ಇಲ್ಲ ಎಂದು ತೀರ್ಮಾನಿಸಿದೆ. ಹಳೆಯ ಗೋಣಿಚೀಲ ತಂದು ಹೊಳೆಯ ಮರಳು ತುಂಬಿಸಿ ಹುಡುಗರ ಬೆನ್ನಿಗೆ ಹಾಕಿದೆ. ವಾರಕ್ಕೆ ಮೂರು ದಿನ, ಮೈದಾನದ ಈ ತುದಿಯಿಂದ ಆ ತುದಿಗೆ.

ಇನ್ನು ನನ್ನ ಭಾಷೆ. ಬ್ಯಾಕ್ ಆಟದಲ್ಲಿ ಇರುವುದು ಎರಡೇ ಕೆಲಸ. ಚೆಂಡು ತರುವವನ ಎದುರು ನುಗ್ಗದೆ, ಹಿಂದೆ ಹಿಂದೆ ಸರಿಯುತ್ತಾ, ನಮ್ಮವರು ಬರುವ ತನಕ ಅವನನ್ನು ಕಾಯಿಸುವುದು ಒಂದು. ಹೊತ್ತು ನೋಡಿ ನುಗ್ಗಿ ಚೆಂಡು ತಡೆಯುವುದು ಇನ್ನೊಂದು. ನಮ್ಮ ಕಡೆ ಕಾಯುವುದಕ್ಕೂ "ತಡಿ" ಎನ್ನುತ್ತೇವೆ, ಅಡ್ಡ ಹಾಕುವುದಕ್ಕೂ "ತಡಿ" ಎನ್ನುತ್ತೇವೆ. ನಾನು ಎಳೆದು "ತಡೀ" ಎಂದರೆ ಕಾಯಬೇಕು, ಕತ್ತರಿಸಿ "ತಡಿ" ಎಂದರೆ ನುಗ್ಗಬೇಕು. ನಮ್ಮ ಹುಡುಗರಿಗೆ ಅದು ಒಂದೇ ವಾರದಲ್ಲಿ ತಿಳಿಯುತ್ತಿತ್ತು. ಎದುರಾಳಿಗೆ ಅರ್ಥವಾಗದ ಗುಪ್ತ ಸಂಕೇತ ಕಂಡುಹಿಡಿದಿದ್ದೇನೆ ಎಂದು ಮೀಸೆ ತಿರುವಿಕೊಂಡಿದ್ದೆ.

ನಿವೃತ್ತಿಗೆ ಏಳೆಂಟು ವರ್ಷ ಇರುವಾಗ ಗಾದಿಲಿಂಗ ಬಂದ. ಅಪ್ಪ ಈರಣ್ಣ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಹದಿಮೂರರ ಗಾದಿಲಿಂಗ ಗಿಡ್ಡ, ಆದರೆ ಚೆಂಡು ಎಲ್ಲಿಗೆ ಬರುತ್ತದೆ ಎಂಬುದು ಹೊಡೆಯುವವನಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. ಅಂಥ ಬ್ಯಾಕ್ ನನ್ನ ಕೈಗೆ ಮೊದಲು ಸಿಕ್ಕಿರಲಿಲ್ಲ. ಹದಿನೈದಕ್ಕೆ ಬರುವ ಹೊತ್ತಿಗೆ ಅವನು ಇದ್ದಕ್ಕಿದ್ದಂತೆ ಬೆಳೆಯತೊಡಗಿದ. ಪ್ಯಾಂಟು ತಿಂಗಳು ತಿಂಗಳಿಗೆ ಮೇಲೇರಿತು. ಓಡಿದರೆ ಎಡವುತ್ತಿದ್ದ, ತಿರುಗಿದರೆ ಬೀಳುತ್ತಿದ್ದ. "ಕೊಬ್ಬು ಬಂದೈತಿ" ಎಂದು ಚೀಲಕ್ಕೆ ಇನ್ನೆರಡು ಬುಟ್ಟಿ ಮರಳು ಹಾಕಿಸಿದೆ.

ಅದೇ ವರ್ಷ ಕೇಂದ್ರಕ್ಕೆ ಶಬಾನಾ ಎಂಬ ಫಿಸಿಯೋ ಬಂದರು. ಹೊಸಪೇಟೆಯವರೇ, ಇಪ್ಪತ್ತಾರು ವಯಸ್ಸು, ಕೈಯಲ್ಲಿ ಸದಾ ಟೇಪು. ಎಲ್ಲರೂ ಮಾಸ್ತರ ಎನ್ನುವಾಗ ಅವರು ನನ್ನನ್ನು "ಅಂಕಲ್" ಎಂದರು. ಅಲ್ಲಿಗೇ ನನಗೆ ಅವರು ಹೇಳಿದ್ದೊಂದೂ ರುಚಿಸಲಿಲ್ಲ. ತಿಂಗಳಿಗೊಮ್ಮೆ ಹುಡುಗರನ್ನು ನಿಲ್ಲಿಸಿ ಅಳೆಯುತ್ತಿದ್ದರು, ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಅಳೆಯುತ್ತಿದ್ದರು. "ಟೇಲರಮ್ಮ ಬಂದ್ಲು" ಎಂದು ಸ್ಟೋರ್ ರೂಮಿನಲ್ಲಿ ನಗುತ್ತಿದ್ದೆ.

ಒಂದು ದಿನ ಗಾದಿಲಿಂಗನ ಸ್ಟಿಕ್ ಹಿಡಿದುಕೊಂಡು ಬಂದರು.

"ಅಂಕಲ್, ಈ ಸ್ಟಿಕ್ ಇವನಿಗೆ ಯಾವಾಗ ಕೊಟ್ಟಿದ್ರಿ?"

"ಬಂದಾಗ. ಎರಡು ವರ್ಷ ಆತು, ಇನ್ನೂ ಹೊಸದು ಇದ್ದಂಗ ಐತಿ ನೋಡ್ರಿ."

"ಸ್ಟಿಕ್ ಹಂಗಾ ಐತಿ. ಹುಡುಗ ಹಂಗಾ ಅದಾನೇನ್ರಿ?"

ಅವರೇ ಮುಂದುವರಿಸಿದರು. "ಎಲುಬು ಮುಂದ ಓಡಾಕತ್ತೈತಿ, ಮೈಯಾಗಿನ ಶಕ್ತಿ ಹಿಂದ ಉಳದೈತಿ. ಟರ್ಫ್ ಮ್ಯಾಲೆ ಪೂರಾ ಬಗ್ಗಿ ಆಡ್ಬೇಕು, ಅದ್ರಾಗ ಗಿಡ್ಡ ಸ್ಟಿಕ್, ಅದ್ರ ಮ್ಯಾಲೆ ನಿಮ್ಮ ಚೀಲ. ಹಿಂಗಾದ್ರ ಬೆನ್ನೆಲುಬು ಬಿರುಕು ಬಿಡ್ತೈತ್ರಿ. ಚೀಲ ಬಿಡಸ್ರಿ. ಈ ಸಲದ ಆಯ್ಕೆಗೆ ಕಳಿಸಬ್ಯಾಡ್ರಿ. ಒಂದು ವರ್ಷ ಹೋಗ್ಲಿ."

"ಒಂದು ವರ್ಷ ಹೋದ್ರ ಅವನ ಜಾಗಕ್ಕ ಇನ್ನೊಬ್ಬ ಹೋಗ್ತಾನ್ರಿ ಮೇಡಂ."

"ಹೋಗ್ಲಿ ಬಿಡ್ರಿ. ಇವನಾದ್ರೂ ಉಳೀತಾನಲ್ಲ."

ಇದನ್ನೇ ಒಂದು ಹಾಳೆಯಲ್ಲಿ ಬರೆದು, ಕೇಂದ್ರದ ಮುಖ್ಯಸ್ಥರಿಗೆ ಕೊಡಿ ಎಂದು ನನ್ನ ಕೈಗೆ ಇಟ್ಟರು. ನಾನು ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ, ಮುಖ್ಯಸ್ಥರಿಗೆ ಕೊಡಲಿಲ್ಲ. ರಾಜ್ಯದ ಶಿಬಿರಕ್ಕೆ ಹುಡುಗರನ್ನು ಆರಿಸುವ ಪಂದ್ಯಗಳು ಮುಂದಿನ ತಿಂಗಳಿದ್ದವು. ನನ್ನ ಕೈಯಲ್ಲಿ ಬೆಳೆದ ಒಬ್ಬ ಹುಡುಗನೂ ಆ ಶಿಬಿರಕ್ಕೆ ಹೋಗಿರಲಿಲ್ಲ. ಈರಣ್ಣನಿಗೆ ಫೋನ್ ಮಾಡಿ "ಹುಡುಗ ತಯಾರಾಗ್ಯಾನ" ಎಂದೆ. ಆ ಕಡೆಯಿಂದ "ನೀವು ಹೇಳಿದ್ಮ್ಯಾಲ ಆತ್ರಿ ಮಾಸ್ತರ" ಎಂದು ಬಂತು.

ಆಯ್ಕೆ ನಡೆದಿದ್ದು ಬೇರೆ ಜಿಲ್ಲೆಯಲ್ಲಿ, ನೀರು ಹಾಯಿಸಿದ ಕೃತಕ ಹುಲ್ಲಿನ ನೀಲಿ ಟರ್ಫಿನ ಮೇಲೆ. ಬೆಳಿಗ್ಗೆ ಗಾದಿಲಿಂಗ ಶೂ ಕಟ್ಟಿಕೊಳ್ಳಲು ಬಗ್ಗಿ ಹಾಗೆಯೇ ನಿಂತ.

"ಮಾಸ್ತರ, ಬಗ್ಗಿದ್ರ ಸೊಂಟದಾಗ ಸೂಜಿ ಚುಚ್ಚಿದಂಗ ಆಕ್ಕೈತ್ರಿ."

"ತಡಕೋಲೇ, ಇವತ್ತೊಂದಿನ" ಎಂದೆ, ನಾನೇ ಬಗ್ಗಿ ಅವನ ಶೂ ಕಟ್ಟಿದೆ. ಅದನ್ನು ಆಗ ಪ್ರೀತಿ ಎಂದುಕೊಂಡಿದ್ದೆ.

ಮೊದಲರ್ಧ ಅವನು ಆಡಿದ ರೀತಿಗೆ ಆಯ್ಕೆಗಾರರೊಬ್ಬರು ಎದ್ದು ನನ್ನ ಪಕ್ಕಕ್ಕೆ ಬಂದು ನಿಂತರು. ಯಾವ ಊರು, ವಯಸ್ಸೆಷ್ಟು ಎಂದು ವಿಚಾರಿಸಿದರು. ಹಿಗ್ಗಿಗೆ ನನಗೆ ನೆಲ ಕಾಣಲಿಲ್ಲ. ಎರಡನೇ ಅರ್ಧದಲ್ಲಿ ಎದುರಾಳಿಗಳು ಇಬ್ಬರು ಚೆಂಡು ತಂದರು, ಇವನು ಒಬ್ಬನೇ. ನಮ್ಮ ಇನ್ನೊಬ್ಬ ಬ್ಯಾಕ್ ಹಿಂದಿನಿಂದ ಓಡಿ ಬರುತ್ತಿದ್ದ, ಎರಡು ಕ್ಷಣ ಕಾದರೆ ಸಾಕಿತ್ತು. ನಾನು ಎಳೆದು ಕೂಗಬೇಕೆಂದು ಬಾಯಿ ತೆರೆದೆ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು, ಮೈಕಿನಲ್ಲಿ ಯಾರೋ ಏನೋ ಹೇಳುತ್ತಿದ್ದರು. "ತಡೀ" ಎಂದು ಬರಬೇಕಾದದ್ದು "ತಡಿ" ಎಂದು ತುಂಡಾಗಿ ಬಂತು.

ಗಾದಿಲಿಂಗ ನುಗ್ಗಿದ. ಅಷ್ಟುದ್ದದ ಮೈಯನ್ನು ಪೂರ್ತಿ ಚಾಚಿ, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿದ. ಚೆಂಡು ಪಕ್ಕದಿಂದ ಹೋಯಿತು. ಅವನು ಒದ್ದೆ ಟರ್ಫಿನ ಮೇಲೆ ಬೋರಲಾಗಿ ಬಿದ್ದವನು ಏಳಲಿಲ್ಲ.

ಸ್ಟ್ರೆಚರ್ ಬರುವಾಗ ಆ ಆಯ್ಕೆಗಾರರು ಕೇಳಿದರು. "ಅಲ್ರೀ, ನೀವು ಅವನಿಗೆ ಏನು ಅಂತ ಕೂಗಿದ್ರಿ?"

ಹೇಳಿದೆ.

"ಕಾಯೋದಕ್ಕೂ ಅದೇ ಮಾತು, ನುಗ್ಗೋದಕ್ಕೂ ಅದೇ ಮಾತಾ? ಹುಡುಗ ಏನು ಮಾಡಬೇಕು ಪಾಪ?"

ನೋವು ನುಂಗುವುದಕ್ಕೂ ಬೆಳಿಗ್ಗೆ ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದೆ ಎಂಬುದನ್ನು ಅವರಿಗೆ ತಿಳಿಸಲಿಲ್ಲ.

ಬೆನ್ನೆಲುಬಿನ ಕೆಳಗಿನ ಮಣಿಯಲ್ಲಿ ಕೂದಲೆಳೆಯ ಬಿರುಕು. ತಿಂಗಳುಗಟ್ಟಲೆ ಸ್ಟಿಕ್ ಮುಟ್ಟುವಂತಿಲ್ಲ, ಆಮೇಲೆ ಆಡಬಹುದೋ ಇಲ್ಲವೋ ನೋಡಬೇಕು ಎಂದರು ಡಾಕ್ಟರು. ಶಬಾನಾ ಮೇಡಂ ನನ್ನನ್ನು ಬೈಯಲಿಲ್ಲ. "ಹಾಳಿ ಕೊಟ್ಟಿದ್ರೇನು?" ಎಂದು ಮಾತ್ರ ಕೇಳಿದರು. ಜೇಬಿನಿಂದ ತೆಗೆದು ಅವರ ಟೇಬಲ್ಲಿನ ಮೇಲೆ ಇಟ್ಟೆ. ಬೆವರಿಗೆ ಅಕ್ಷರ ಹರಡಿದ್ದವು.

ಮೂರನೆಯ ದಿನ ಕಂಪ್ಲಿಗೆ ಹೋದೆ. ಈರಣ್ಣ ಗಿರಣಿಯ ಅಂಗಳದಲ್ಲಿ ಲಾರಿಗೆ ಚೀಲ ಹಾಕಿಸುತ್ತಿದ್ದ. ಮೇಡಂ ಬೇಡ ಎಂದಿದ್ದನ್ನೂ, ಆ ಹಾಳೆಯನ್ನು ನಾನು ಮುಚ್ಚಿಟ್ಟಿದ್ದನ್ನೂ, ಚೀಲದ ವಿಷಯವನ್ನೂ ಎಲ್ಲರ ಎದುರಿಗೇ ಹೇಳಿದೆ. ಹೊಡೆದರೆ ಹೊಡೆಯಲಿ ಎಂದು ನಿಂತೆ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಹದಿನೈದು ವರ್ಷದ ಹುಡುಗ್ರಿಗೆ ತುಂಬಿದ ಚೀಲ ಹೊರಿಸಿದ್ರಾ?"

"ಹೌದು."

"ನಮ್ಮಲ್ಲಿ ಹೊಸದಾಗಿ ಬಂದ ಗಂಡಸಿಗೂ ಮೊದಲ ವರ್ಷ ಅರ್ಧ ಚೀಲ ಮಾಸ್ತರ. ಮೀಸಿ ಬಂದಿದ್ರೂ ಅರ್ಧಾನ. ಬೆನ್ನು ಕುಂತ ಮ್ಯಾಲೆ ಪೂರಾ. ಚೀಲ ನಮ್ಮಲ್ಲಿಂದ ಒಯ್ದ್ರಿ, ಲೆಕ್ಕ ಇಲ್ಲೇ ಬಿಟ್ಟು ಹೋದ್ರಿ. ಕೇಳಿದ್ರ ಹೇಳ್ತಿದ್ವಿ."

ಒಬ್ಬ ಹಮಾಲ ಮೇಲಿನಿಂದ ಕೂಗಿದ. "ಮೇಸ್ತ್ರಿ, ಮಾಸ್ತರಿಗೊಂದು ಪೂರಾ ಚೀಲ ಹೊರಿಸಿ ನೋಡೋಣ್ರಿ."

ಈರಣ್ಣ ನಗಲಿಲ್ಲ. "ಹೊರ್ತೀರಾ?" ಎಂದ. ಹೊರುತ್ತೇನೆ ಎಂದೆ. ನನಗೆ ಆಗ ಐವತ್ತೈದು, ಜೀವಮಾನವೆಲ್ಲ ಮೈ ಮುರಿದು ದುಡಿದವನು ಎಂಬ ಜಂಬ ಬೇರೆ. ಇಬ್ಬರು ಎತ್ತಿ ಬೆನ್ನಿಗಿಟ್ಟರು. ನಾಲ್ಕು ಹೆಜ್ಜೆ ಹೋದೆ. ಐದನೆಯದಕ್ಕೆ ಮೊಣಕಾಲು ನನ್ನನ್ನು ಕೇಳದೆ ಮಡಚಿಕೊಂಡಿತು. ಚೀಲ ಒಂದು ಕಡೆ, ನಾನು ಒಂದು ಕಡೆ. ಎಲ್ಲರೂ ನಕ್ಕರು. ಈರಣ್ಣ ಕೈಕೊಟ್ಟು ಎಬ್ಬಿಸಿ, ಅಂಗಿಯ ಮೇಲಿನ ಹೊಟ್ಟು ಕೊಡವಿದ. ಕೊಡವುತ್ತಲೇ ಮೆಲ್ಲಗೆ ಹೇಳಿದ.

"ಅವನ ಸೊಂಟ ಹೋದ್ರ ಹಾಕಿನೂ ಇಲ್ಲ, ಹಮಾಲಿನೂ ಇಲ್ರಿ. ಸೊಂಟ ಬಿಟ್ರ ನನ್ನ ಮಗಗ ಬ್ಯಾರೆ ಆಸ್ತಿ ಏನೈತಿ? ನೀವು ಹಾಳ್ ಮಾಡೀರಿ, ನೀವಾ ನೆಟ್ಟಗ ಮಾಡಿಕೊಡ್ರಿ."

ಮರುದಿನ ಶಬಾನಾ ಮೇಡಂ ಎದುರು ಹೋಗಿ ನಿಂತು "ಕಲಿಸ್ರಿ" ಎಂದೆ. "ಕುಂದ್ರಿ ಅಂಕಲ್" ಎಂದರು. ಎಂಟನೇ ತರಗತಿಯ ನಂತರ ಆವತ್ತೇ ನಾನು ಗ್ರಾಫ್ ಹಾಳೆ ಹಿಡಿದಿದ್ದು. ಯಾವ ಹುಡುಗ ಯಾವ ತಿಂಗಳು ಎಷ್ಟು ಬೆಳೆದ ಎಂದು ಚುಕ್ಕಿ ಇಡುವುದು, ಚುಕ್ಕಿಗಳು ಮೇಲಕ್ಕೆ ಹಾರಿದ ತಿಂಗಳು ಅವನ ಭಾರ, ಓಟ ಇಳಿಸುವುದು. ಮರಳು ಸುರಿದು ಚೀಲಗಳನ್ನು ಕಾಲು ಒರೆಸಲು ಹಾಸಿದೆವು. ಬೆಟ್ಟ ಹತ್ತುವುದು ಉಳಿಯಿತು, ಓಡಿ ಇಳಿಯುವುದು ನಿಂತಿತು. ಮಾತನ್ನೂ ಬದಲಿಸಿದೆ. ಕಾಯಲು "ಕಾಯಿ", ನುಗ್ಗಲು "ಹಿಡಿ". ಮೊದಲ ದಿನವೇ ಹಿಂದಿನಿಂದ ಒಬ್ಬ "ಯಾವ ಕಾಯ್ರಿ ಮಾಸ್ತರ, ಬದನಿಕಾಯೋ, ಟೆಂಗಿನಕಾಯೋ?" ಎಂದ. ಒಂದು ತಿಂಗಳು ನನ್ನ ಹೆಸರೇ ಕಾಯಿ ಮಾಸ್ತರ ಎಂದಾಯಿತು.

ಗಾದಿಲಿಂಗ ಮೊದಮೊದಲು ಅಂಗಾತ ಮಲಗಿ ಉಸಿರಾಟ ಮಾಡಿದ, ಆಮೇಲೆ ನಡೆದ, ಹತ್ತನೆಯ ತಿಂಗಳಿಗೆ ಉದ್ದನೆಯ ಹೊಸ ಸ್ಟಿಕ್ ಹಿಡಿದ. ಮುಂದಿನ ವರ್ಷದ ಆಯ್ಕೆ ಬಂತು. ಮೇಡಂ ಅಷ್ಟರಲ್ಲಿ ಮುಂದೆ ಓದಲು ಹೋಗಿದ್ದರು. ಹುಡುಗ ಸಿದ್ಧನಿದ್ದಾನೆ ಎಂಬ ಕಾಗದಕ್ಕೆ ಈಗ ನನ್ನದೇ ರುಜು ಬೇಕಿತ್ತು. "ಕಳಿಸ್ರಿ, ಕೇಂದ್ರಕ್ಕ ಹೆಸರು ಬರ್ತೈತಿ" ಎಂದು ಮುಖ್ಯಸ್ಥರು ಹೇಳಿದರು. ಗ್ರಾಫ್ ಹಾಳೆಯಲ್ಲಿ ಅವನ ಚುಕ್ಕಿಗಳು ಇನ್ನೂ ಮೇಲಕ್ಕೇ ಹೋಗುತ್ತಿದ್ದವು. ನಾನು ರುಜು ಹಾಕಲಿಲ್ಲ.

ಗಾದಿಲಿಂಗ ಸ್ಟೋರ್ ರೂಮಿಗೆ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಬೆಳೆದಿದ್ದ.

"ಮುಂದಿನ ವರ್ಷ ನನ್ನ ವಯಸ್ಸು ಮೀರ್ತೈತ್ರಿ. ಆ ಶಿಬಿರಕ್ಕ ಮತ್ತ ಹೋಗಾಕ ಬರಂಗಿಲ್ಲ. ನೋವಿಲ್ಲ ನನಗ. ನಿಮಗ ಹೆದರಿಕಿ ಆಗೈತಿ, ಅದಕ್ಕ ನನ್ನ ಹಿಡದು ಇಟ್ಟೀರಿ."

"ಹೌದಪಾ, ಹೆದರಿಕಿ ಆಗೈತಿ" ಎಂದೆ.

ನಾಲ್ಕು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ಹೇಳಿದ ಕಸರತ್ತನ್ನು ಮಾತ್ರ ಒಂದೂ ತಪ್ಪಿಸಲಿಲ್ಲ. ರಾಜ್ಯದ ಶಿಬಿರ ಅವನಿಗೆ ತಪ್ಪಿಯೇ ಹೋಯಿತು. ಹತ್ತೊಂಬತ್ತಕ್ಕೆ ಒಂದು ಇಲಾಖೆಯ ತಂಡದ ಆಯ್ಕೆಗೆ ನಾನೇ ರುಜು ಹಾಕಿ ಕಳಿಸಿದೆ, ತೆಗೆದುಕೊಂಡರು. ಈಗ ಅಲ್ಲಿ ಬ್ಯಾಕ್ ಆಡುತ್ತಾನೆ, ಕೆಲಸವೂ ಇದೆ. ಹೋದ ವರ್ಷ ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಕೇಳಿದ.

"ಆ ವರ್ಷ ಕಳಿಸಿದ್ರ ಇನ್ನೂ ಮ್ಯಾಲ ಹೋಗ್ತಿದ್ನೇನ್ರಿ ಮಾಸ್ತರ?"

"ಹೋಗ್ತಿದ್ದಿ ಅಂತ ಕಾಣ್ತೈತಿ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವನು ಉಳಿದ ಚಹಾ ಮುಗಿಸಿದ. "ಬೆಳಿಗ್ಗೆ ಎದ್ದಾಗ ಸೊಂಟ ನೋಯಂಗಿಲ್ರಿ" ಎಂದು ಕಪ್ಪು ಕೆಳಗಿಟ್ಟ.

ಅವನು ಹೋದ ಮೇಲೆ ಕುಳಿತು ಹಳೆಯ ಹೆಸರುಗಳನ್ನು ಬರೆಯತೊಡಗಿದೆ. ಮೊಣಕಾಲು ಹಿಡಿದುಕೊಂಡು ಕುಳಿತಿದ್ದವರು, ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದವರು. ಈರಣ್ಣ ಕೇಳಲು ಗೊತ್ತಿದ್ದವನು, ಕೇಳಿದ. ಇವರ ಮನೆಯವರು ಯಾರೂ ಕೇಳಿರಲಿಲ್ಲ. ಮೊಪೆಡ್ ತೆಗೆದುಕೊಂಡು ಒಬ್ಬೊಬ್ಬರ ಊರಿಗೆ ಹೋಗತೊಡಗಿದೆ. ವಡ್ಡು ಎಂಬ ಊರಿನಲ್ಲಿ ಒಬ್ಬ, ಈಗ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ, ನಾನು ಬಂದ ಕಾರಣ ಹೇಳಿದ್ದಕ್ಕೆ ಹೆಂಡತಿಯನ್ನು ಕೂಗಿ ಕರೆದ. "ಏ, ಬಾ ಇಲ್ಲಿ. ನಾ ಸೋಮಾರಿ ಅಲ್ಲ ಅಂತ ಹೇಳಾಕ ಮಾಸ್ತರು ಹೊಸಪ್ಯಾಟಿಯಿಂದ ಬಂದಾರ. ನೀನೂ ಕೇಳ್ಕೊ."

ಈಗ ನನ್ನ ಬಳಿ ಇರುವುದು ಇಷ್ಟು. ನಾನು ಬೆಳೆಸಿದವರಲ್ಲಿ ಇನ್ನೂ ಆಡುತ್ತಿರುವ ಬ್ಯಾಕ್‌ಗಳು ನಾಲ್ವರು. ಸೋಮಾರಿ ಎಂದು ಬೈದು, ನೋವಿನ ಸಮೇತ ಮನೆಗೆ ಕಳಿಸಿದವರು, ನೆನಪಿಗೆ ಬಂದಷ್ಟು, ಹನ್ನೊಂದು ಮಂದಿ. ಅದರಲ್ಲಿ ಏಳು ಮನೆಗೆ ಹೋಗಿ ಬಂದೆ. ಆರು ಮನೆಯಲ್ಲಿ ಚಹಾ ಕೊಟ್ಟರು, ಒಂದು ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ಇನ್ನು ನಾಲ್ಕು ಮನೆ ಉಳಿದಿವೆ.